ಕಾಶವ್ವ ಸದನದಲ್ಲಿ ಎದ್ದು ನಿಂತಾಗ

ಕಾಶವ್ವ ಸದನದಲ್ಲಿ ಮಾತಿಗೆ ಎದ್ದು ನಿಂತಳೆಂದರೆ ಇತ್ತ ನಮ್ಮ ಭಟ್ಟಿ ಓಣಿಯಲ್ಲಿ ಎಲ್ಲರ ಧ್ವನಿ ಹೋಗುತ್ತಿತ್ತು. ಬಾಯಿ ಆಡುತ್ತಿತ್ತು, ನಾಲಿಗೆ ಹೊರಳುತ್ತಿತ್ತು, ಸಪ್ಪಳ ಮಾತ್ರ ಬರುತ್ತಿರಲಿಲ್ಲ. ನಾನು ಓಣಿಯ ಕಾಯಿಪಲ್ಯೆ ಸಂತೆಯಲ್ಲಿ ಲಿಲಾವು ಕೂಗುವವನು, ದಾವಲಸಾಬ ಅಂತ ಹೆಸರು. ಬದನೆಕಾಯಿ ಬುಟ್ಟಿಯ ಮುಂದೆ ನಿಂತು ‘ಒಂದನೇ ಸಲ, ಎರಡನೇ ಸಲ’ ಎಂದು ಕೂಗಿ ಮೂರನೆಯದಕ್ಕೆ ಬಾಯಿ ತೆರೆದರೆ ಬರೀ ಗಾಳಿ. ಬಾಯಿಂದಲೇ ಹೊಟ್ಟೆ ಹೊರೆಯುವವನಿಗೆ ಸಿಟ್ಟು ಬರುವುದಿಲ್ಲವೇ? ಬರುತ್ತಿತ್ತು. ಆದರೆ ಬೈಯಲಿಕ್ಕೂ ಧ್ವನಿ ಬೇಕಲ್ಲ.

ನಮ್ಮ ಊರಿನ ರೀತಿಯೇ ಹಾಗೆ. ಸದನದಲ್ಲಿ ನಿಂತವರು ತಮ್ಮ ಗಂಟಲಿನಿಂದ ಮಾತಾಡುವುದಿಲ್ಲ; ಅವರನ್ನು ಆರಿಸಿ ಕಳಿಸಿದ ಓಣಿಯ ಧ್ವನಿ ಎದ್ದು ಅವರಲ್ಲಿಗೆ ಹೋಗುತ್ತದೆ. ಅವರು ಕೂತ ಕೂಡಲೇ ತಿರುಗಿ ಬರುತ್ತದೆ. ಯಾಕೆ ಹೀಗೆ ಅಂತ ಕೇಳಿದವರನ್ನು ನಾನು ಕಂಡಿಲ್ಲ. ಪಕ್ಷದವರಿಗೆ ಇದರ ಬಿಸಿ ತಾಗುವುದೂ ಇಲ್ಲ. ಊರಿನಲ್ಲಿ ಇರುವವು ಎರಡು ಪಕ್ಷ, ಬುಗುರಿ ಮತ್ತು ಒನಕೆ. ಬುಗುರಿಯವನೊಬ್ಬ ಮಾತಾಡಿದರೆ ಬುಗುರಿಯ ಎಲ್ಲ ಓಣಿಗಳಿಂದ ಚಿಟಿಕೆ ಚಿಟಿಕೆ ಧ್ವನಿ ಹೋಗುತ್ತದೆ. ಜನ ಗಂಟಲು ಕೆರೆಯಿತೆಂದು ಒಂದು ಗುಟುಕು ನೀರು ಕುಡಿದು ಮರೆಯುತ್ತಾರೆ. ಅದಕ್ಕೆ ಪ್ರತಿಯಾಗಿ ಆ ಸದಸ್ಯ ಪಕ್ಷ ಹೇಳಿದಷ್ಟನ್ನೇ ಮಾತಾಡಬೇಕು. ಕಾಶವ್ವ ಯಾವ ಪಕ್ಷಕ್ಕೂ ಸೇರದವಳು. ಅವಳ ಮಾತಿಗೆ ಬೇಕಾದ ಧ್ವನಿಯನ್ನೆಲ್ಲ ನಮ್ಮ ಒಂದೇ ಓಣಿ ಕೊಡಬೇಕಾಗಿತ್ತು.

ಹಾಗಾದರೆ ಅವಳನ್ನು ಯಾಕೆ ಆರಿಸಿದಿರಿ ಎಂದು ಬೇರೆ ಓಣಿಯವರು ಕೇಳುತ್ತಿದ್ದರು. ಯಾಕೆಂದರೆ, ಅವಳಿಗಿಂತ ಮೊದಲು ಬುಗುರಿ ಪಕ್ಷದ ಒಬ್ಬ ಮಹಾನುಭಾವನನ್ನು ಕಳಿಸಿ ನೋಡಿದ್ದೆವು. ಅವನು ಸದನದಲ್ಲಿ ಭಟ್ಟಿ ಓಣಿ ಎಂಬ ಹೆಸರನ್ನೇ ಎತ್ತಲಿಲ್ಲ. ನಮ್ಮ ಧ್ವನಿ ಭದ್ರವಾಗಿ ನಮ್ಮ ನಮ್ಮ ಗಂಟಲಲ್ಲೇ ಇತ್ತು. ಅದನ್ನು ಇಟ್ಟುಕೊಂಡು ನಾವು ನಳದ ಕಟ್ಟೆಯಲ್ಲಿ ಜಗಳಾಡಿದ್ದೇ ಬಂತು. ಕಾಶವ್ವ ಸುಣ್ಣ ಸುಡುವ ಭಟ್ಟಿಯಲ್ಲಿ ಬುಟ್ಟಿ ಹೊರುತ್ತಿದ್ದ ಹೆಂಗಸು. ಕೂಲಿ ಮುಗಿಯುವ ಹೊತ್ತಿಗೆ ರೇಷನ್ ಅಂಗಡಿ ಮುಚ್ಚಿರುತ್ತದೆ ಎಂದು ಆ ಅಂಗಡಿಯವನ ಕಟ್ಟೆಯ ಮೇಲೆ ಕೂತು, ಬಾಗಿಲು ಹಾಕಗೊಡದೆ, ಎಲ್ಲರಿಗೂ ಜೋಳ ಕೊಡಿಸಿದವಳು. ಅಂಥವಳು ನಿಲ್ಲುತ್ತೇನೆಂದಾಗ ಓಣಿ ಎರಡನೇ ಮಾತಾಡಲಿಲ್ಲ. ಆಮೇಲೆ ಆಡಬೇಕೆಂದರೂ ಆಗುತ್ತಿರಲಿಲ್ಲ ಅನ್ನಿ!

ಆರಿಸಿ ಬಂದವಳು ಸುಮ್ಮನೆ ಕೂರಲಿಲ್ಲ. ದವಾಖಾನೆಯ ಮಸೂದೆ ಬಂದಾಗ, ಮಧ್ಯಾಹ್ನವೇ ಔಷಧದ ಕಿಟಕಿ ಮುಚ್ಚಿದರೆ ಕೂಲಿಯವರಿಗೆ ಸಂಜೆ ಜ್ವರ ಬರಬಾರದೇ ಎಂದು ಕೇಳಿದಳು. ಹುಡುಗಿಯರ ಶಾಲೆಯ ಚರ್ಚೆಯಲ್ಲಿ, ಗೋಡೆಗೆ ಬಣ್ಣ ಆಮೇಲೆ ಬಳಿಯಿರಿ, ಮೊದಲು ಪಾಯಖಾನೆಗೆ ಬಾಗಿಲು ಹಚ್ಚಿರಿ ಎಂದಳು. ಎರಡೂ ಆದವು. ಬಾಗಿಲು ಬಂದ ದಿನ ನನ್ನ ಮೊಮ್ಮಗಳು ಅದನ್ನು ಹತ್ತು ಸಲ ತೆಗೆದು ಹಾಕಿ ಬಂದು ಮನೆಯಲ್ಲಿ ವರದಿ ಕೊಟ್ಟಳು.

ನಾವೂ ಹೊಂದಿಕೊಂಡೆವು. ಸದನ ಇರುವ ದಿನ ಭಟ್ಟಿಯ ಮುಂದೆ ತೂಗುಹಾಕಿದ ಕಬ್ಬಿಣದ ಪಟ್ಟಿಯನ್ನು ಬಡಿಯುತ್ತಿದ್ದರು. ಹೇಳುವುದನ್ನೆಲ್ಲ ಹೇಳಿ ಮುಗಿಸಿರಿ ಅಂತ ಅದರ ಅರ್ಥ. ತಾಯಂದಿರು ಅಂಬೆಗಾಲಿನ ಕೂಸುಗಳ ಸೊಂಟಕ್ಕೆ ಗೆಜ್ಜೆ ಕಟ್ಟಿದರು. ಶಾಲೆಯ ಮಾಸ್ತರರು ಲೆಕ್ಕದ ಪಾಠವನ್ನು ಆ ದಿನಗಳಿಗೇ ಇಟ್ಟುಕೊಂಡರು. ನಾನು ದನದ ಸಂತೆಯವರ ಹಾಗೆ ಟವೆಲಿನ ಕೆಳಗೆ ಗಿರಾಕಿಯ ಬೆರಳು ಹಿಡಿದು ದರ ಕುದುರಿಸಲು ಕಲಿತೆ. ಒಮ್ಮೆ ಅವಳು ನಳದ ನೀರಿನ ಬಗ್ಗೆ ಮಾತಾಡುತ್ತಿದ್ದಾಗ ಇಲ್ಲಿ ಒಂದು ಹೆರಿಗೆಯಾಯಿತು. ಕೂಸು ಬಾಯಿ ತೆರೆಯಿತು, ಕೈಕಾಲು ಬಡಿಯಿತು, ಅಳಲಿಲ್ಲ. ಸೂಲಗಿತ್ತಿ ಹೆದರಿ ನೀಲಿಯಾದಳು. ಅತ್ತ ಸದನದಲ್ಲಿ ಚಹಾಕ್ಕೆ ಬಿಟ್ಟರೋ ಇಲ್ಲವೋ, ಇತ್ತ ಕೂಸು ಮಾಳಿಗೆ ಹಾರುವಂತೆ ಕಿರುಚಿತು. ಇನ್ನೊಂದು ಪದ್ಧತಿಯೂ ಬೆಳೆಯಿತು. ಓಣಿಯಲ್ಲಿ ಏನಾದರೂ ಅನಾಹುತವಾದರೆ ಯಾರಾದರೂ ಸದನದ ಗ್ಯಾಲರಿಗೆ ಓಡಿಹೋಗಿ ಹಳದಿ ಬಟ್ಟೆ ಎತ್ತಿ ತೋರಿಸಬೇಕು. ಕಾಶವ್ವ ಮಾತಿನ ನಡುವೆಯೇ ಕೂತುಬಿಡುತ್ತಾಳೆ. ಮೇವಿನ ಬಣವಿಗೆ ಬೆಂಕಿ ಬಿದ್ದ ದಿನ ಹೀಗೆ ಕೂತಿದ್ದಳು.

ಇಷ್ಟು ಹೇಳಿದ ಮೇಲೆ ಅವಳ ಗಂಡನ ಮಾತಿಗೆ ಬರಬೇಕು. ಭರಮಪ್ಪ ನನ್ನ ವಾರಿಗೆಯವನು, ಗೋಡೆ ಹಂಚಿಕೊಂಡ ನೆರೆಯವನು. ಮೀಸೆ ಮೊಳೆಯುವ ಮೊದಲೇ ಭಟ್ಟಿಗೆ ಸೇರಿ, ಸುಟ್ಟ ಸುಣ್ಣವನ್ನು ಸಲಿಕೆಯಿಂದ ಎಳೆದು ಎಳೆದು ಹಣ್ಣಾದವನು. ಶನಿವಾರದ ಭಜನೆಯಲ್ಲಿ ಅವನದೇ ಮೊದಲ ಧ್ವನಿ. ಅವನು ಎತ್ತಿಕೊಟ್ಟರೆ ಉಳಿದವರು ಹಿಡಿದುಕೊಂಡು ಹೋಗುತ್ತಿದ್ದರು. ಮಾತಂತೂ ಕೇಳಬೇಡಿ, ಸತ್ತವರನ್ನೂ ನಗಿಸುವಂಥವನು. ಅಂಥವನ ಎದೆಯೊಳಗೆ ಸುಣ್ಣದ ಧೂಳು ಕೂತುಬಿಟ್ಟಿತು. ಮೊದಲು ಕೆಮ್ಮು, ಆಮೇಲೆ ದಮ್ಮು, ಆಮೇಲೆ ಹಾಸಿಗೆ. ನಮ್ಮ ಓಣಿಯಲ್ಲಿ ಭಟ್ಟಿಗೆ ಹೋದವರ ದಾರಿಯೇ ಅದು. ಡಾಕ್ಟರು ನೋಡಿ, ಇನ್ನು ಇವರ ಉಸಿರು ಬಹಳಿಲ್ಲ, ಮಾತಾಡುವುದಿದ್ದರೆ ಆಡಿಸಿಕೊಳ್ಳಿ ಎಂದು ಕಾಶವ್ವನಿಗೆ ಹೊರಗೆ ಕರೆದು ಹೇಳಿದರು.

ಅದೇ ವಾರ ಸದನಕ್ಕೆ ಭಟ್ಟಿ ಆರೋಗ್ಯ ಮಸೂದೆ ಬಂತು. ಹೆಸರು ಕೇಳಿ ನಾವು ಖುಷಿಪಟ್ಟೆವು. ಒಳಗಿನ ಮಾತು ಬೇರೆ ಇತ್ತು: ಕೆಮ್ಮುವ ಕೂಲಿಯವರಿಂದ ಉಳಿದವರಿಗೆ ತೊಂದರೆ, ಆದ್ದರಿಂದ ಕೆಮ್ಮು ಕಂಡವರನ್ನು ಮಾಲೀಕರು ಕೆಲಸದಿಂದ ಬಿಡಿಸಬಹುದು. ಅಷ್ಟೇ. ಬಿಡಿಸಿದವರು ಏನು ತಿನ್ನಬೇಕು, ಔಷಧಕ್ಕೆ ಯಾರ ಬಾಗಿಲಿಗೆ ಹೋಗಬೇಕು, ಒಂದಕ್ಷರವಿಲ್ಲ. ಭಟ್ಟಿ ಮಾಲೀಕರು ಎರಡೂ ಪಕ್ಷಗಳಿಗೆ ಬೇಕಾದವರು. ಮಂತ್ರಿ ರಾಯನಗೌಡರು ಮಸೂದೆಯನ್ನು ಮಂಡಿಸಿದಾಗ ಒನಕೆಯವರೂ ಮೇಜು ಬಡಿದರಂತೆ. ಕಾಶವ್ವ ಒಂದು ತಿದ್ದುಪಡಿ ಬರೆದುಕೊಟ್ಟಳು. ಸುಣ್ಣದ ದಮ್ಮು ಕೆಲಸದಿಂದ ಬಂದ ಬೇನೆ ಎಂದು ಒಪ್ಪಬೇಕು. ಬಿದ್ದವರ ಊಟ ಔಷಧ ಭಟ್ಟಿಯವರ ಹೊಣೆ. ಈಗಾಗಲೇ ಹಾಸಿಗೆ ಹಿಡಿದವರನ್ನೂ ಸೇರಿಸಬೇಕು.

ಮೊದಲ ದಿನದ ಚರ್ಚೆಯಲ್ಲಿ ಅವಳು ಎದ್ದಳು, ನಾವು ಬಾಯಿ ಮುಚ್ಚಿಕೊಂಡು ಕಾದೆವು. ನಾನು ಟವೆಲು ಹಾಸಿ ಒಂದು ಬುಟ್ಟಿಯನ್ನೂ ಮಾರಿರಲಿಲ್ಲ, ಧ್ವನಿ ತಿರುಗಿ ಬಂತು! ಏನೋ ಗದ್ದಲವಾಗಿರಬೇಕು, ಮತ್ತೆ ಏಳುತ್ತಾಳೆ ಎಂದುಕೊಂಡೆವು. ಏಳಲಿಲ್ಲ. ನಾಲ್ಕು ಮಾತಾಡಿ ಕೂತಿದ್ದಳು. ಉಳಿದದ್ದನ್ನು ತಿದ್ದುಪಡಿಯ ದಿನ ಹೇಳುತ್ತೇನೆ ಎಂದಿದ್ದಳಂತೆ. ರಾಯನಗೌಡರು, ಪಕ್ಷೇತರ ಸದಸ್ಯರಿಗೂ ನಮ್ಮ ಮಸೂದೆ ಹಿಡಿಸಿದ ಹಾಗಿದೆ ಎಂದು ನಕ್ಕರಂತೆ. ಸಂಜೆ ಅವಳು ಓಣಿಗೆ ಬಂದಾಗ ಯಾರೂ ಏನೂ ಅನ್ನಲಿಲ್ಲ. ಯಾಕೆ ಕೂತಳೆಂದು ಎಲ್ಲರಿಗೂ ಗೊತ್ತು. ಅವಳು ನಿಂತಷ್ಟು ಹೊತ್ತು ಭರಮಪ್ಪನ ಧ್ವನಿಯೂ ಹೋಗುತ್ತದೆ, ಅವನಿಗೆ ಉಳಿದಿರುವುದೇ ಚೂರು. ನಳದ ಹತ್ತಿರ ಮುದುಕಿ ತಿಪ್ಪವ್ವ ಮಾತ್ರ ಕೊಡ ಇಳಿಸಿ, “ಇಷ್ಟಽ ಏನವಾ?” ಎಂದಳು. ಆಕೆಯ ಇಬ್ಬರು ಗಂಡುಮಕ್ಕಳು ಭಟ್ಟಿಯ ಧೂಳಿಗೇ ಹೋದವರು. ಕಾಶವ್ವ ತಲೆ ತಗ್ಗಿಸಿ ಮನೆಗೆ ಬಂದಳು.

ಮನೆಯಲ್ಲಿ ಭರಮಪ್ಪ ದಿಂಬಿಗೆ ಒರಗಿ ಕೂತಿದ್ದ. ನಾನು ಅವನಿಗೆ ಗಂಜಿ ಕುಡಿಸುತ್ತಿದ್ದೆ. ಅವಳನ್ನು ಕಂಡವನೇ ಬಟ್ಟಲು ಸರಿಸಿದ.

“ಯಾಕ ಕುಂತಿ?” ಎಂದ.

“ಸಾಕಾತು ಅನಿಸ್ತು.”

“ಸುಳ್ಳ ಹೇಳಬ್ಯಾಡ. ನಾ ಮಾತಾಡ್ಲಿ ಅಂತ ಕುಂತಿ. ಹೌದಿಲ್ಲೋ?” ನಡುವೆ ಉಸಿರು ಎಳೆದುಕೊಳ್ಳಲು ನಿಂತ. “ನೀ ಕುಂತ ಮ್ಯಾಲ ನನಗ ಧ್ವನಿ ಬಂತು. ಬಂದದ್ದನ್ನ ಏನ್ ಮಾಡ್ದೆ ಗೊತ್ತೇನು? ಕೆಮ್ಮಿದೆ. ಸಂಜೀತನಕ ಕೆಮ್ಮಿದೆ. ಇದನ್ನ ಉಳಸಾಕ ತಿಪ್ಪವ್ವನಂಥವರ ಸಲುವಾಗಿ ಆಡೂ ಮಾತು ನುಂಗಿ ಬಂದಿ.”

“ನನಗೂ ಒಂದು ಗಂಡ, ಮನಿ ಅಂತ ಇಲ್ಲೇನ್ರೀ?” ಕಾಶವ್ವ ಸಿಡುಕಿದಳು. ಸಿಡುಕಿದ ಕೂಡಲೇ ಅಳು ಬಂತು. “ಎಲ್ಲಾರ ಸಲುವಾಗಿ ಮಾತಾಡೇನಿ. ನಿಮ್ಮ ನಾಕು ಮಾತು ಕೇಳೂ ಆಸೆ ನನಗಿರಬಾರದೇನು?”

ಭರಮಪ್ಪ ಅವಳ ಕೈ ಹಿಡಿದುಕೊಂಡ. ನಾನು ಎದ್ದು ಹೋಗಬೇಕಿತ್ತು, ಹೋಗಲಿಲ್ಲ. ಬಟ್ಟಲು ಹಿಡಿದುಕೊಂಡು ನಿಂತೇ ಇದ್ದೆ. ಅವನು ಮೆಲ್ಲಗೆ ಹೇಳಿದ: “ತಿದ್ದುಪಡಿ ದಿನಾ ನೀ ಪೂರಾ ಮಾತಾಡಬೇಕು. ಅದರ ಮೊದಲ ನಾ ಎಲ್ಲಾರ ಜೋಡಿ ಮಾತಾಡಿ ಮುಗಸ್ತೀನಿ. ಲೆಕ್ಕಾ ಚುಕ್ತಾ ಮಾಡಿದಂಗ. ಆಮ್ಯಾಲ ಧ್ವನಿ ಒಯ್ಯಿ, ನನಗೇನ್ ಅದರ ಕೆಲಸ?”

ಹೇಳಿದಂತೆ ಮಾಡಿದ. ಒಬ್ಬೊಬ್ಬರನ್ನೇ ಕರೆಸಿದ. ಭಜನೆಯವರನ್ನು ಕರೆದು, ಮೊದಲ ಧ್ವನಿ ಇನ್ನು ಮುಂದೆ ಯಾರದು, ಯಾರು ಯಾವ ಪದ ಎತ್ತಿಕೊಳ್ಳಬೇಕು ಎಂದು ಹೇಳಿಕೊಟ್ಟ. ಗಂಡನನ್ನು ಕಳಕೊಂಡು ತವರಿಗೆ ಬಂದು ಇವರ ಮನೆಯಲ್ಲೇ ಇದ್ದ ತಂಗಿ ನೀಲವ್ವನಿಗೆ, ವೈನಿ ಕಾಶವ್ವನ ಕೂಡ ಜಗಳಾಡಿದರೂ ಮನೆ ಬಿಟ್ಟು ಹೋಗಬೇಡ ಎಂದ. ನನಗೆ ಏನು ಹೇಳಿದ ಗೊತ್ತೇ? “ದಾವಲ್ಯಾ, ನೀ ಲಿಲಾವು ಕೂಗೂದು ಕತ್ತೆ ಒದರಿದಂಗ ಇರತೈತಿ. ಇಷ್ಟು ವರ್ಷ ಗೆಳೆತನಕ್ಕಂತ ಸುಮ್ನಿದ್ದೆ.” ನಾನು ನಕ್ಕೆ. ಹೊರಗೆ ಬಂದು ಗೋಡೆಗೆ ಮುಖ ಕೊಟ್ಟು ಅತ್ತೆ. ಇದ್ದ ಉಸಿರನ್ನು ಅವನು ಹೀಗೆ ಎಲ್ಲರಿಗೂ ಹಂಚಿದ. ಹೆಂಡತಿಯ ಪಾಲನ್ನು ಕೊನೆಗೆ ಇಟ್ಟುಕೊಂಡಿದ್ದ.

ತಿದ್ದುಪಡಿಯ ದಿನ ಬೆಳಿಗ್ಗೆ ಕಾಶವ್ವ ಸೀರೆ ಉಟ್ಟು, ಕುಂಕುಮ ಹಚ್ಚಿಕೊಂಡು, ಅವನ ಹಾಸಿಗೆಯ ಹತ್ತಿರ ಬಂದಳು. ನೀಲವ್ವನೂ ನಾನೂ ಬಾಗಿಲಲ್ಲಿದ್ದೆವು. ಭರಮಪ್ಪ, “ಕುಂದರು ಇಲ್ಲೆ. ನಿನಗೊಂದು ಹೇಳೂದೈತಿ” ಎಂದ. ಅವಳು ಕೂರಲಿಲ್ಲ. ಅವನ ಹೊದಿಕೆ ಸರಿಮಾಡಿದಳು, ನೀರಿನ ತಂಬಿಗೆಯನ್ನು ಕೈಗೆಟುಕುವಂತೆ ಇಟ್ಟಳು, ಮತ್ತೆ ಹೊದಿಕೆ ಸರಿಮಾಡಿದಳು.

“ಬಂದ ಮ್ಯಾಲ ಕೇಳ್ತೀನಿ” ಎಂದಳು.

“ಈಗ ಕೇಳು, ಕಾಶೀ.”

“ಬ್ಯಾಡ. ಎಲ್ಲಾರಿಗೂ ಹೇಳಿ ಮುಗಿಸೀರಿ, ನನಗೊಂದು ಹೇಳೂದು ಉಳೀಲಿ. ಉಳಿದ್ರ ನೀವು ಇರ್ತೀರಿ. ನಾ ಬರೂತನಕ ಇಟ್ಕೋರಿ ಅದನ್ನ.”

ಹಾಗೆಂದು ಹಿಂತಿರುಗಿ ನೋಡದೆ ಹೊರಟೇಬಿಟ್ಟಳು. ನಮ್ಮ ಓಣಿಯ ಹೆಂಗಸರ ನಂಬಿಕೆ ಅದು. ಊರಿಗೆ ಹೋಗುವವರ ಕೂಡ ಒಂದು ಮಾತು ಬಾಕಿ ಇಟ್ಟರೆ ಅದನ್ನು ಕೇಳಲಾದರೂ ತಿರುಗಿ ಬರುತ್ತಾರೆ ಎಂದು ಬೇಕೆಂದೇ ಅರ್ಧ ಹೇಳಿ ಕಳಿಸುತ್ತಾರೆ. ಅವಳು ಅದನ್ನು ಸಾಯುವವನ ಮೇಲೆ ಹೂಡಿ ಹೋದಳು. ಹುಚ್ಚಿ! ಅವಳನ್ನು ನಿಲ್ಲಿಸಿ ಕೂರಿಸಬೇಕೆಂದು ನನಗಾದರೂ ತೋಚಬೇಕಿತ್ತು. ಅವಳ ಮುಖ ನೋಡಿ ಧೈರ್ಯವಾಗಲಿಲ್ಲ. ಭರಮಪ್ಪ ಬಾಗಿಲ ಕಡೆ ನೋಡುತ್ತ, “ಹಟಮಾರಿ” ಎಂದ. ಆಮೇಲೆ ಕಬ್ಬಿಣದ ಪಟ್ಟಿ ಬಡಿದ ಸಪ್ಪಳ ಕೇಳಿತು. ಸ್ವಲ್ಪ ಹೊತ್ತಿಗೆ ಓಣಿಯ ಧ್ವನಿ ಹೋಯಿತು.

ಸದನದಲ್ಲಿ ನಡೆದದ್ದನ್ನು ಗ್ಯಾಲರಿಯಲ್ಲಿ ಕೂತು ಬಂದ ಹೆಂಗಸರು ಆಮೇಲೆ ಹೇಳಿದರು. ನೀಲವ್ವ ಕಂಡದ್ದೂ ಅದರಲ್ಲಿ ಸೇರಿದೆ. ತಿದ್ದುಪಡಿಯ ದಿನದ ನಿಯಮ ಬಿಗಿ. ಮಾತಿಗೆ ನಿಂತವರು ಒಮ್ಮೆ ಕೂತರೆ ಮತ್ತೆ ಏಳುವಂತಿಲ್ಲ, ಹೇಳದೆ ಉಳಿದದ್ದು ಬಿದ್ದುಹೋದಂತೆ. ನಿಂತವರನ್ನು ಎದುರಿನವರು ಎಷ್ಟು ಬೇಕಾದರೂ ಪ್ರಶ್ನೆ ಕೇಳಬಹುದು. ಬುಗುರಿಯವರೂ ಒನಕೆಯವರೂ ಸೇರಿ ಇದನ್ನೇ ಹಿಡಿದರು. ಅವಳು ಒಂದು ಮಾತು ಮುಗಿಸಿದರೆ ಇವರದು ಎರಡು ಪ್ರಶ್ನೆ. ಸುಣ್ಣ ಎಂದರೆ ಯಾವ ಸುಣ್ಣ? ದಮ್ಮು ಬೀಡಿ ಸೇದಿದರೆ ಬರುವುದಿಲ್ಲವೇ? ಭಟ್ಟಿ ಎಂದರೆ ಮಡಕೆಯ ಆವಿಗೆಯೂ ಸೇರುತ್ತದೆಯೇ? ಅಂಥ ಬೇನೆ ಎಲ್ಲಿದೆ? ಅವಳ ಓಣಿ ಹೆಚ್ಚು ಹೊತ್ತು ಮೂಕವಾಗಿರಲಿ, ಜನರೇ ಬೇಸತ್ತು ಬಟ್ಟೆ ಎತ್ತಲಿ ಎಂಬುದು ಅವರ ಉಪಾಯ. ಕಾಶವ್ವ ಒಂದೊಂದಕ್ಕೂ ನಿಂತೇ ಉತ್ತರ ಕೊಟ್ಟಳು. ಬೀಡಿಯ ಪ್ರಶ್ನೆಗೆ, “ತಿಪ್ಪವ್ವನ ಸಣ್ಣ ಮಗ ಬೀಡಿ ಮುಟ್ಟಿದವನಲ್ಲ, ಅವನ ಬಾಯಾಗ ಸುಣ್ಣ ಬಿಟ್ರ ಬ್ಯಾರೆ ಏನೂ ಹೋಗ್ಲಿಲ್ರಿ, ಒಮ್ಮೊಮ್ಮೆ ಅನ್ನಾನೂ ಇರ್ಲಿಲ್ಲ” ಎಂದಳಂತೆ.

ರಾಯನಗೌಡರು ಕೊನೆಯ ಬಾಣ ತೆಗೆದರು. “ಮಾನ್ಯ ಸದಸ್ಯರ ಯಜಮಾನರೇ ಹಾಸಿಗೆ ಹಿಡಿದಿದ್ದಾರೆ ಎಂದು ಕೇಳಿದ್ದೇನೆ, ಬೇಸರದ ಸಂಗತಿ. ಆದರೆ ಈಗಾಗಲೇ ಬಿದ್ದವರನ್ನೂ ಸೇರಿಸಿ ಎಂಬ ಮಾತು ಯಾರ ಮನೆಗಾಗಿ ಎಂದು ಸದನ ತಿಳಿಯಬೇಕಲ್ಲ.”

ಮೇಜು ಬಡಿದ ಸಪ್ಪಳ ನಿಲ್ಲುವವರೆಗೆ ಕಾಶವ್ವ ಕಾದಳು. “ಖರೇ ಐತ್ರಿ. ನನ್ನ ಗಂಡನೂ ಅದರಾಗ ಅದಾನ. ಅವನ ಹೆಸರು ಭರಮಪ್ಪ. ಬರಕೋರಿ, ಭರಮಪ್ಪ ಒಬ್ಬನ್ನ ಬಿಟ್ಟು ಅಂತ. ಹೆಸರು ಹಿಡಿದು ಹೊರಗ ಇಡ್ರಿ, ನಾ ಒಪ್ಪೀನಿ. ಉಳಿದವರನ್ನ ಸೇರಸ್ರಿ.”

ಆಗ ಅವಳಿಗೆ ಕೆಮ್ಮು ಬಂತು. ಇದೊಂದು ಹೇಳಬೇಕು: ಗಂಟಲಿನ ಸಪ್ಪಳವೆಲ್ಲ ಅವಳಲ್ಲಿಗೆ ಹೋಗುತ್ತದಲ್ಲ, ಮಾತಿನ ಜೊತೆ ನಮ್ಮ ಕೆಮ್ಮೂ ಹೋಗುತ್ತಿತ್ತು. ಯಾವಾಗಲೂ ಅವಳು ಸೆರಗು ಒತ್ತಿಕೊಂಡು ನೀರು ಕುಡಿದು ಅದನ್ನು ಅದುಮಿಡುತ್ತಿದ್ದಳು. ಕೆಮ್ಮವ್ವ ಬಂದಳೆಂದು ಸದಸ್ಯರು ಹಿಂದಿನಿಂದ ಆಡಿಕೊಳ್ಳುತ್ತಿದ್ದರು. ಆ ದಿನ ಅವಳು ನೀರಿನ ಲೋಟವನ್ನು ದೂರ ಸರಿಸಿದಳು. “ಬೇನಿ ಎಲ್ಲೈತಿ ಅಂತ ಕೇಳಿದ್ರಿ, ಕೇಳ್ರಿ” ಎಂದು ಕೈಯನ್ನು ಮೇಜಿನ ಮೇಲೆ ಊರಿ ನಿಂತಳು. ಭಟ್ಟಿ ಓಣಿಯ ಕೆಮ್ಮೆಲ್ಲ ಅವಳ ಬಾಯಿಂದ ಬಂತು. ಮುದುಕರ ಆಳದ ಕೆಮ್ಮು, ಹೆಂಗಸರ ಒಣಕೆಮ್ಮು, ಬುಟ್ಟಿ ಹೊರಲು ಹೊಸದಾಗಿ ಸೇರಿದ ಹುಡುಗಿಯರ ಕೆಮ್ಮು, ಒಂದರ ಬೆನ್ನಿಗೆ ಒಂದು. ಇಷ್ಟು ಜನ ಒಬ್ಬ ಹೆಂಗಸಿನ ಎದೆಯಲ್ಲಿ ಹೇಗೆ ಹಿಡಿದರೋ ಎಂದು ಗ್ಯಾಲರಿಯಲ್ಲಿದ್ದವರು ಸೆರಗು ಕಚ್ಚಿಕೊಂಡರು. ಒನಕೆ ಪಕ್ಷದ ಒಬ್ಬ ಮುದುಕ ಸದಸ್ಯರು ಕಿವಿ ಮುಚ್ಚಿಕೊಂಡು, “ಸಾಕು ತಾಯೀ, ಸಾಕು” ಎಂದರಂತೆ. ಸಭಾಪತಿಗಳು ಗಂಟೆ ಬಾರಿಸಲು ಕೈ ಎತ್ತಿ ಹಾಗೆಯೇ ಇಳಿಸಿದರು.

ಆ ಹೊತ್ತಿಗೆ ಇಲ್ಲಿ ನಾವು ಭರಮಪ್ಪನ ಸುತ್ತ ಕೂತಿದ್ದೆವು. ಇಡೀ ಓಣಿಯಲ್ಲಿ ಒಂದು ಕೆಮ್ಮೂ ಕೇಳುತ್ತಿರಲಿಲ್ಲ. ಹುಟ್ಟಿದಾಗಿನಿಂದ ನಾನು ಕೇಳದಂಥ ಶಾಂತಿ, ಅದು ನನಗೆ ಒಂದಿಷ್ಟೂ ಸೇರಲಿಲ್ಲ. ಮಧ್ಯಾಹ್ನ ಇಳಿಯುತ್ತಿದ್ದಂತೆ ಅವನ ಉಸಿರು ಕೆಟ್ಟಿತು. ನೀಲವ್ವ ಗೂಟದಿಂದ ಹಳದಿ ಬಟ್ಟೆ ತೆಗೆದಳು. ಭರಮಪ್ಪ ಬೇಡವೆಂದು ಕೈ ಅಲ್ಲಾಡಿಸಿದ. ಅವಳು ಎರಡೂ ಕೈ ಜೋಡಿಸಿ ಅಣ್ಣನನ್ನು ಬೇಡಿಕೊಂಡಳು. ಅವನು ಮತ್ತೆ ಕೈಯಿಂದಲೇ ಬೇಡವೆಂದ. ಅವಳು ಕೇಳಲಿಲ್ಲ, ಓಡಿದಳು. ಅವನು ನನ್ನ ಮಣಿಕಟ್ಟನ್ನು ಹಿಡಿದು ಎಳೆದ, ಅವಳನ್ನು ನಿಲ್ಲಿಸು ಎಂಬಂತೆ. ನಾನು ಎದ್ದರೆ ಅವನ ಕೈ ಬಿಡಿಸಿಕೊಳ್ಳಬೇಕಿತ್ತು. ಬಿಡಿಸಿಕೊಳ್ಳಲು ನನಗೆ ಮನಸ್ಸಾಗಲಿಲ್ಲ.

ನೀಲವ್ವ ಗ್ಯಾಲರಿಯ ಮೆಟ್ಟಿಲು ಹತ್ತಿ ಮೇಲೆ ಬಂದಾಗ ಕಾಶವ್ವ ಕೊನೆಯ ಭಾಗಕ್ಕೆ ಬಂದಿದ್ದಳು, ಈಗಾಗಲೇ ಬಿದ್ದವರನ್ನು ಸೇರಿಸುವ ಮಾತಿಗೆ. ನೀಲವ್ವನ ಕೈಯಲ್ಲಿ ಹಳದಿ ಬಟ್ಟೆ ಕಂಡಿತು. ಕಾಶವ್ವನ ಮಾತು ನಿಂತಿತು. ಅವಳು ಕೂತರೆ ಓಣಿಗೆ ಧ್ವನಿ ಬರುತ್ತದೆ, ಭರಮಪ್ಪ ಇಟ್ಟುಕೊಂಡ ಮಾತನ್ನು ಯಾರಿಗಾದರೂ ಹೇಳಬಹುದು, ಅವರು ಅವಳಿಗೆ ಮುಟ್ಟಿಸಬಹುದು. ಕೂತರೆ ಹಾಸಿಗೆಯಲ್ಲಿರುವ ಅಷ್ಟೂ ಜನ ಕಾನೂನಿನ ಹೊರಗೆ. ಸದನವೆಲ್ಲ ತಲೆ ಎತ್ತಿ ಗ್ಯಾಲರಿಯತ್ತ ನೋಡಿತು. ರಾಯನಗೌಡರು ಎದ್ದು, “ಸದಸ್ಯರಿಗೆ ಮನೆಯಿಂದ ಕರೆ ಬಂದ ಹಾಗಿದೆ, ಕೂತುಕೊಳ್ಳಬಹುದು” ಎಂದರು. ಈ ಸಲ ಅವರ ಮಾತಿನಲ್ಲಿ ವ್ಯಂಗ್ಯ ಇರಲಿಲ್ಲವಂತೆ, ಅದನ್ನೂ ಹೇಳಬೇಕು.

ನೀಲವ್ವ ನನಗೆ ಹೇಳಿದ್ದು ಇಷ್ಟು: “ಎತ್ತಾಕಂತಲೇ ಹೋಗಿದ್ದೆ, ದಾವಲಣ್ಣಾ. ಕೈ ಅರ್ಧ ಎತ್ತೀನೂ ಎತ್ತಿದ್ದೆ. ಬಾಜೂಕ ತಿಪ್ಪವ್ವ ಕುಂತಿದ್ಲು. ಆಕಿ ನನಗ ಕೈಸನ್ನೀಲೆ ಬ್ಯಾಡ ಅನ್ಲಿಲ್ಲ, ಎತ್ತು ಅನ್ಲಿಲ್ಲ. ಎದ್ದು ನನಗ ಜಾಗಾ ಬಿಟ್ಟುಕೊಟ್ಲು. ಅಷ್ಟು ಮುದುಕಿ, ತಾ ನಿಂತ್ಲು. ಆಗ ಅಣ್ಣ ಕೈ ಅಲ್ಲಾಡ್ಸಿದ್ದು ಕಣ್ಣಮುಂದ ಬಂತು. ನನ್ನ ಕೈಯಾಗ ಎತ್ತಾಕ ಆಗ್ಲಿಲ್ಲ.” ನೀಲವ್ವ ತಿಪ್ಪವ್ವನ ಜಾಗದಲ್ಲಿ ಕೂತು ಬಟ್ಟೆಯನ್ನು ಮಡಿಲಿಗೆ ಹಾಕಿಕೊಂಡಳು. ಕೆಳಗೆ ಕಾಶವ್ವ ಅದನ್ನು ನೋಡಿದಳು. ಬಟ್ಟೆ ಹಿಡಿದು ಓಡಿ ಬಂದವಳು ಎತ್ತದೆ ಕೂತಳೆಂದರೆ ಮನೆಯಲ್ಲಿ ಏನು ನಡೆದಿದೆಯೆಂದು ತಿಳಿಯದವಳಲ್ಲ. ಅವಳ ಕಣ್ಣಿಂದ ನೀರು ಸುರಿಯಿತು. ಒರೆಸಿಕೊಳ್ಳಲಿಲ್ಲ, ಕೂರಲೂ ಇಲ್ಲ. ಉಳಿದ ಮಾತನ್ನು ಮೊದಲಿನಿಂದ ಹಿಡಿದು, ಒಂದಕ್ಷರ ಬಿಡದೆ, ಪೂರಾ ಹೇಳಿದಳು. ಪ್ರಶ್ನೆ ಕೇಳಲು ಯಾರೂ ಏಳಲಿಲ್ಲ. ಮತಕ್ಕೆ ಕೈ ಎತ್ತಿಸಿದಾಗ ಒನಕೆಯ ಆ ಮುದುಕ ಸದಸ್ಯರು ಪಕ್ಷದ ಕಡೆ ನೋಡದೆ ಎತ್ತಿದರು. ಅವರನ್ನು ನೋಡಿ ಹಿಂದಿನ ಸಾಲಿನವರು, ಆಮೇಲೆ ಬುಗುರಿಯ ಕೆಲವರು. ತಿದ್ದುಪಡಿ ಗೆದ್ದಿತು. ಭರಮಪ್ಪನನ್ನು ಬಿಟ್ಟು ಎಂದು ಯಾರೂ ಬರೆಯಲಿಲ್ಲ, ಬರೆಯುವ ಅಗತ್ಯವೂ ಉಳಿದಿರಲಿಲ್ಲ.

ಅವಳು ಸದನದಲ್ಲಿ ಕೂತ ಗಳಿಗೆ ನಮಗೆ ತಿಳಿಯಿತು. ಬಾಯಿ ತೆರೆದು ಅಳುತ್ತಿದ್ದವರಿಗೆ ಒಮ್ಮೆಲೇ ಅಳುವಿನ ಸಪ್ಪಳ ಬಂತು. ನಮ್ಮ ಅಳುವಿಗೆ ನಾವೇ ಬೆಚ್ಚಿದೆವು.

ಕಾಶವ್ವ ಓಣಿಯ ಬಾಯಿಗೆ ಬಂದಾಗ ಯಾರೂ ಎದುರು ಹೋಗಿ ಹೇಳಬೇಕಾಗಲಿಲ್ಲ. ಭಟ್ಟಿಯ ಕೂಲಿಯವರು ಕೈ ಮುಗಿದು ದಾರಿ ಬಿಟ್ಟರು. ತಿದ್ದುಪಡಿ ಗೆದ್ದ ಸುದ್ದಿ ಅವಳಿಗಿಂತ ಮೊದಲೇ ಬಂದಿತ್ತು, ಅದನ್ನೂ ಯಾರೂ ಆಡಲಿಲ್ಲ. ಅವಳು ಒಳಗೆ ಬಂದು ಅವನ ಪಕ್ಕದಲ್ಲಿ ಕೂತಳು. ಹೊದಿಕೆ ಸರಿಮಾಡಲು ಕೈ ಚಾಚಿ, ಅದಾಗಲೇ ಸರಿಯಾಗಿ ಇದ್ದದ್ದನ್ನು ಕಂಡು ಕೈ ಹಿಂದೆ ತೆಗೆದುಕೊಂಡಳು. ಆಮೇಲೆ ನನ್ನ ಕಡೆ ತಿರುಗಿದಳು.

“ದಾವಲಣ್ಣಾ, ನೀ ಇಲ್ಲೇ ಇದ್ದೀಯಲ್ಲ. ಏನಾರ ಅಂದ್ರೇನು?”

ಅವಳಿಗೆ ಸುಳ್ಳು ಹೇಳಲು ನನ್ನಿಂದ ಆಗಲಿಲ್ಲ. “ಬಾಯಿ ಆಡ್ತಿತ್ತು, ತಂಗೀ. ಕಡೀತನಕ ಆಡ್ತಾನೇ ಇತ್ತು. ನಿನ್ನ ಹೆಸರು ತಗೊಂಡಾಂಗ ಕಂಡ್ತು. ಆಮ್ಯಾಲ ಭಾಳ ಹೇಳಿದ, ಸಮಾಧಾನದಿಂದ ಹೇಳಿದ. ನಾ ಕಿವಿ ಅವನ ಬಾಯಿಗೇ ಹಚ್ಚಿದ್ದೆ. ನನಗೇನೂ ಕೇಳಲಿಲ್ಲ.” ನಾನು ಅವಳ ಎದುರಿಗೆ ಕೂತೆ. “ಧ್ವನಿ ನಿನ್ನ ಹತ್ರ ಇತ್ತಲ್ಲವಾ.”

ಅವಳು ನನ್ನನ್ನೇ ನೋಡಿದಳು. “ಮುಂಜಾನೆ ಹೇಳ್ತೀನಿ ಅಂದ್ರು” ಎಂದಳು. “ಕುಂದರು ಅಂದ್ರು. ನಾನೇ ಕುಂದರಲಿಲ್ಲ.” ನೀಲವ್ವ ಬಂದು ಅವಳನ್ನು ತಬ್ಬಿಕೊಂಡಳು. ಇಡೀ ದಿನ ಒಂದು ಓಣಿಯ ಧ್ವನಿಯಲ್ಲಿ ಮಾತಾಡಿ ಬಂದಿದ್ದ ಕಾಶವ್ವ ಆಗ ಗಂಡನ ಎದೆಯ ಮೇಲೆ ತಲೆಯಿಟ್ಟು, ತನ್ನೊಬ್ಬಳ ಧ್ವನಿಯಲ್ಲಿ ಅತ್ತಳು.